ಸಾಸಿವೆ ಡಬ್ಬಿಯ ಹಿಂದಿನ ಮಾತ್ರೆ

ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನು ಎಂಟೇ ದಿನ ಉಳಿದಿತ್ತು. ರವಿಕೆಯ ಬಟ್ಟೆ ಕೊಟ್ಟು ಇಪ್ಪತ್ತು ದಿನವಾದರೂ ಸುದ್ದಿಯಿಲ್ಲವಲ್ಲ ಎಂದು ನಮ್ಮ ಬೀದಿಯ ಹೊಲಿಗೆಯಾಕೆಯ ಮನೆಗೆ ನಾನೇ ಹೋದೆ. ಮಗಳ ಬಾಣಂತನ ನಡೆಯುತ್ತಿದ್ದ ಮನೆ. ಒಳಗಿನಿಂದ ಸಾಂಬ್ರಾಣಿ ಹೊಗೆ, ಬೆಳ್ಳುಳ್ಳಿ ಹುರಿದ ವಾಸನೆ, ಕೂಸಿನ ಅಳು. ಆಕೆ ಮಾತ್ರ ಹೊಲಿಗೆ ಯಂತ್ರದ ಪಕ್ಕದಲ್ಲಿ ಗೋಡೆಗೊರಗಿ ಕುಳಿತಿದ್ದಳು.

"ಆಗ್ಲಿಲ್ಲ ಕಣಕ್ಕಾ, ಮಿಷನ್ನು ತುಳಿಯೋಕೆ ಕಾಲೇ ಬರ್ತಿಲ್ಲ" ಎಂದು ಮುಖ ಎತ್ತಿದಳು. ಕಣ್ಣಿನ ಬಿಳಿ ಭಾಗ ಅರಿಶಿನ ಕಲಸಿದ ಹಾಗಿತ್ತು.

ಕಾಮಾಲೆಯಂತೆ. ಹತ್ತು ದಿನದಿಂದ ಪಕ್ಕದ ಹಳ್ಳಿಯಲ್ಲಿ ಕೊಡುವ ಸೊಪ್ಪಿನ ರಸವನ್ನು ಹಸುವಿನ ಹಾಲಿನಲ್ಲಿ ಖಾಲಿ ಹೊಟ್ಟೆಗೆ ಕುಡಿಯುತ್ತಿದ್ದಳು. ಪಥ್ಯ ಬೇರೆ. ಉಪ್ಪಿಲ್ಲ, ಎಣ್ಣೆಯಿಲ್ಲ, ಬೇಳೆಯಿಲ್ಲ. ಬರೀ ಗಂಜಿ, ನೀರು ಮಜ್ಜಿಗೆ. ನಡುವೆ ಒಂದು ದಿನ ಕ್ಲಿನಿಕ್ಕಿಗೂ ಹೋಗಿ ಗ್ಲೂಕೋಸ್ ಹಾಕಿಸಿಕೊಂಡು ಬಂದಿದ್ದಳು. "ಬೇರೆ ಏನಾದ್ರೂ ಮಾತ್ರೆ ತಗೊಳ್ತೀಯೇನಮ್ಮಾ" ಎಂದು ಡಾಕ್ಟರು ಕೇಳಿದ್ದರಂತೆ. ಪಕ್ಕದಲ್ಲಿ ಅತ್ತಿಗೆ ನಿಂತಿದ್ದರಿಂದ ಇಲ್ಲ ಎಂದಳಂತೆ.

ಅತ್ತಿಗೆ ಬಾಣಂತಿಯ ನೀರಿಗೆ ಉರಿ ಹಾಕಲು ಹಿತ್ತಿಲಿಗೆ ಹೋದಾಗ ಆಕೆ ನನ್ನ ಕೈ ಹಿಡಿದುಕೊಂಡಳು. "ಅಕ್ಕಾ, ನಾನು ಹದಿನೈದು ವರ್ಷದಿಂದ ಒಂದು ಮಾತ್ರೆ ನುಂಗ್ತಿದ್ದೆ. ಅವರು ಹೋದ್ರಲ್ಲ, ಅದೇ ಕಾಯಿಲೆ." ಅವರು ಎಂದರೆ ಆಕೆಯ ಗಂಡ. ಲಾರಿಯಲ್ಲಿದ್ದವರು. ಎದೆಗೆ ಕಫ ಕಟ್ಟಿ ಹೋದರು ಎಂದೇ ನಾವೆಲ್ಲ ತಿಳಿದಿದ್ದೆವು.

ಮಾತ್ರೆಯ ಡಬ್ಬಿ ಇಷ್ಟು ವರ್ಷವೂ ಅಡಿಗೆಮನೆಯಲ್ಲಿ, ಸಾಸಿವೆ ಡಬ್ಬಿಯ ಹಿಂದೆ ಇರುತ್ತಿತ್ತು. ನಾವು ಹೆಂಗಸರು ಗುಟ್ಟಿನ ದುಡ್ಡು ಇಡುವ ಜಾಗ ತಾನೇ ಅದು. ಬಾಣಂತನಕ್ಕೆಂದು ಅತ್ತಿಗೆ ಬಂದು ನಿಂತ ಮೇಲೆ ಅಡಿಗೆಮನೆ ಅವರ ಕೈಗೆ ಹೋಯಿತು. ಯಾವ ಹೊತ್ತಿನಲ್ಲಿ ಯಾವ ಡಬ್ಬಿ ಸರಿಸುತ್ತಾರೋ ಎಂಬ ಭಯ. ಈಕೆ ಮಾತ್ರೆಯನ್ನು ಹಳೇ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದಳು. ತಿಂಗಳ ಮಾತ್ರೆ ತರಲು ಜಿಲ್ಲಾ ಆಸ್ಪತ್ರೆಗೆ ಹೋಗಬೇಕಾದ ದಿನ ಬಂತು. ಹಸಿ ಬಾಣಂತಿಯನ್ನು ಬಿಟ್ಟು ಎಲ್ಲಿಗೆ ಹೊರಟೆ ಎಂದು ಕೇಳಿದರೆ ಏನು ಹೇಳುವುದು? ಹೋಗಲಿಲ್ಲ. ಹೀಗೆ ಸುಮಾರು ಮೂರು ತಿಂಗಳು.

"ಆದ್ರೂ ಅಕ್ಕಾ, ಬಿಟ್ಟಿದ್ದೇ ಒಳ್ಳೇದಾಯ್ತೇನೋ. ಆ ಮಾತ್ರೆ ಹೀಟು, ಲಿವರ್ ಕೆಡಿಸುತ್ತೆ ಅಂತಾರಲ್ಲ" ಎಂದಳು.

ಆ ಮಾತೇ ನನ್ನಿಂದ ಈ ಲೇಖನ ಬರೆಸುತ್ತಿರುವುದು. ಏಕೆಂದರೆ ನಡೆದದ್ದು ಅದಕ್ಕೆ ತೀರ ತಿರುಗುಮುರುಗು. ಮಾತ್ರೆಯಿಂದ ಆಕೆಯ ಲಿವರ್ ಕೆಡಲಿಲ್ಲ. ಬಿಟ್ಟದ್ದರಿಂದ ಕೆಟ್ಟಿತು. (ಆಕೆಯ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಊರು, ಹೆಸರು ಬಿಟ್ಟಿದ್ದೇನೆ.)

ಲಿವರ್, ಅಂದರೆ ಯಕೃತ್ತು, ಬಲಗಡೆ ಪಕ್ಕೆಲುಬಿನ ಅಡಿಯಲ್ಲಿ ಇರುವ, ಹೆಚ್ಚುಕಡಿಮೆ ಒಂದೂವರೆ ಕಿಲೋ ತೂಗುವ ಅಂಗ. ಅದು ತುಂಬಿದ ಮನೆಯ ಹಿರಿಯ ಸೊಸೆ ಇದ್ದ ಹಾಗೆ. ತಿಂದ ಅನ್ನ, ಕುಡಿದ ಹೆಂಡ, ನುಂಗಿದ ಮಾತ್ರೆ, ಎಲ್ಲವೂ ಮೊದಲು ಅದರ ಕೈ ದಾಟಿಯೇ ಮುಂದೆ ಹೋಗಬೇಕು. ಎಷ್ಟು ನೋವಾದರೂ ಬಾಯಿ ಬಿಡುವುದಿಲ್ಲ. ಬಹಳಷ್ಟು ಸೋತ ಮೇಲೆ ಕಣ್ಣು ಹಳದಿಯಾಗಿಯೋ, ಹೊಟ್ಟೆಯಲ್ಲಿ ನೀರು ತುಂಬಿಯೋ ನಮಗೆ ಗೊತ್ತಾಗುತ್ತದೆ.

ಎಚ್.ಐ.ವಿ. ಎಂದೊಡನೆ ನಮಗೆ ನೆನಪಾಗುವುದು ಕ್ಷಯ, ಭೇದಿ, ಸೊರಗಿದ ದೇಹ. ಮಾತ್ರೆ ಇಲ್ಲದ ಕಾಲದ ಚಿತ್ರ ಅದು. ನಮ್ಮ ದೇಶದಲ್ಲಿ ಸರ್ಕಾರ 2004ರ ಏಪ್ರಿಲ್ 1ರಂದು ಉಚಿತ ಎ.ಆರ್.ಟಿ. ಮಾತ್ರೆ ಕೊಡಲು ಆರಂಭಿಸಿತು. 2017ರಿಂದ, ರಕ್ತದಲ್ಲಿ ಸಿಡಿ-4 ಎಣಿಕೆ ಎಷ್ಟೇ ಇರಲಿ, ಸೋಂಕು ಇದೆಯೆಂದು ತಿಳಿದ ಕೂಡಲೇ ಮಾತ್ರೆ ಶುರು. ಜನ ಬದುಕಿದರು, ಮೊಮ್ಮಕ್ಕಳನ್ನು ಎತ್ತಿಕೊಂಡರು. ಹೀಗೆ ಬದುಕು ಉದ್ದವಾದಾಗ, ಹಿಂದೆ ಬಚ್ಚಿಟ್ಟುಕೊಂಡಿದ್ದ ಬೇರೆ ಕಾಯಿಲೆಗಳು ಮುಂದೆ ಬಂದವು. ಯೂರೋಪು, ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಎಚ್.ಐ.ವಿ. ಇದ್ದ 23,441 ಮಂದಿಯನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಅವರಲ್ಲಿ 1,246 ಮಂದಿ ಸತ್ತಿದ್ದರು. ಆ ಸಾವುಗಳಲ್ಲಿ ನೂರಕ್ಕೆ ಹದಿನಾಲ್ಕೂವರೆಯಷ್ಟು ಲಿವರಿನ ರೋಗದಿಂದ! ಏಡ್ಸ್ ಬಿಟ್ಟರೆ ಮರಣಕ್ಕೆ ಅದೇ ದೊಡ್ಡ ಕಾರಣವಾಗಿತ್ತು. ಸತ್ತ ಬಹುಪಾಲು ಜನರಲ್ಲಿ ಹೆಪಟೈಟಿಸ್ ಬಿ ಅಥವಾ ಸಿ ಎಂಬ ಇನ್ನೊಂದು ವೈರಸ್ಸೂ ಜೊತೆಗಿತ್ತು.

ಈ ಬಿ ಎಂಬುದು ಎಚ್.ಐ.ವಿ.ಯ ದಾರಿಯಲ್ಲೇ ಬರುತ್ತದೆ. ರಕ್ತದಿಂದ, ದಾಂಪತ್ಯ ಸಂಬಂಧದಿಂದ, ತಾಯಿಯಿಂದ ಮಗುವಿಗೆ. ಆದ್ದರಿಂದ ಒಂದಿದ್ದವರಲ್ಲಿ ಇನ್ನೊಂದು ಇರುವುದು ಆಶ್ಚರ್ಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರಪಂಚದಲ್ಲಿ ಸುಮಾರು 27 ಲಕ್ಷ ಜನರಲ್ಲಿ ಎರಡೂ ಇವೆ. ಬಿ ವೈರಸ್ಸು ಎಚ್.ಐ.ವಿ.ಗಿಂತ ಗಟ್ಟಿ ಪಿಂಡ. ಒಣಗಿದ ರಕ್ತದ ಕಲೆಯಲ್ಲಿ ಏಳು ದಿನವಾದರೂ ಬದುಕಿರುತ್ತದೆ. ಒಬ್ಬರ ಬ್ಲೇಡು, ಉಗುರು ಕತ್ತರಿ, ಹಲ್ಲುಜ್ಜುವ ಬ್ರಶ್ಶು ಇನ್ನೊಬ್ಬರು ಬಳಸಬಾರದು. ಕಿವಿ ಚುಚ್ಚಿಸುವಾಗ, ಜಾತ್ರೆಯಲ್ಲಿ ಹಚ್ಚೆ ಹಾಕಿಸುವಾಗ ಹೊಸ ಸೂಜಿ ಬೇಕೆಂದು ಕೇಳಬೇಕು. ಅದರಲ್ಲಿ ಸಂಕೋಚವೇನು? ಆದರೆ ಒಂದೇ ತಟ್ಟೆಯಲ್ಲಿ ಉಂಡರೆ, ಬಟ್ಟೆ ಒಟ್ಟಿಗೆ ಒಗೆದರೆ, ಮಗುವನ್ನು ಮುದ್ದಿಸಿದರೆ ಎರಡೂ ಅಂಟುವುದಿಲ್ಲ. ಕೆಟ್ಟ ನೀರಿನಿಂದ ಬರುವ ಕಾಮಾಲೆ ಬೇರೆ. ಅದು ಎ ಮತ್ತು ಇ ಎಂಬ ವೈರಸ್ಸುಗಳದ್ದು, ಸಾಮಾನ್ಯವಾಗಿ ಬಂದು ಹೋಗುವಂಥದ್ದು. ನಮ್ಮ ಹಳ್ಳಿಯ ಔಷಧಿಗಳಿಗೆ ಹೆಸರು ತಂದುಕೊಟ್ಟಿರುವುದು ಹೆಚ್ಚಾಗಿ ಈ ತಾನೇ ವಾಸಿಯಾಗುವ ಕಾಮಾಲೆಗಳು ಎಂದು ನನಗನ್ನಿಸುತ್ತದೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಇಂದು ಎ.ಆರ್.ಟಿ. ಕೇಂದ್ರದಲ್ಲಿ ಬಹುಮಂದಿಗೆ ಕೊಡುವುದು ದಿನಕ್ಕೆ ಒಂದೇ ಮಾತ್ರೆ. ಆದರೆ ಅದರೊಳಗೆ ಮೂರು ಔಷಧಿಗಳಿವೆ: ಟೆನೋಫೋವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್. ಇವುಗಳಲ್ಲಿ ಮೊದಲೆರಡು ಎಚ್.ಐ.ವಿ.ಯನ್ನಷ್ಟೇ ಅಲ್ಲ, ಹೆಪಟೈಟಿಸ್ ಬಿ ವೈರಸ್ಸನ್ನೂ ಹಿಡಿದಿಡುತ್ತವೆ. ಅಂದರೆ ಎರಡೂ ಇರುವವರಿಗೆ ಒಂದೇ ಮಾತ್ರೆ ಎರಡು ಬಾಗಿಲಿಗೆ ಹಾಕಿದ ಅಗುಳಿ. ಮಾತ್ರೆ ನಿಲ್ಲಿಸಿದರೆ ಎಚ್.ಐ.ವಿ. ಮೆಲ್ಲಗೆ ತಲೆಯೆತ್ತುತ್ತದೆ, ಬೇಗ ಗೊತ್ತಾಗುವುದಿಲ್ಲ. ಬಿ ಹಾಗಲ್ಲ. ಕೆಲವು ವಾರಗಳಲ್ಲಿ, ಕೆಲವು ತಿಂಗಳುಗಳಲ್ಲಿ ಒಮ್ಮೆಲೇ ಉಕ್ಕಿ ಲಿವರನ್ನು ಸುಟ್ಟುಬಿಡಬಹುದು. ಪ್ರಾಣಕ್ಕೇ ಬರಬಹುದು.

ನಮ್ಮ ಹೊಲಿಗೆಯಾಕೆಯ ಹಸಿರು ಪುಸ್ತಕದ ಒಂದು ಪುಟದಲ್ಲಿ ಬಿ ಇದೆ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಬರೆದವರು ಹೇಳಿದ್ದರೋ ಇಲ್ಲವೋ, ಆಕೆಗೆ ಮಾತ್ರ ಅದು ಗೊತ್ತಿರಲಿಲ್ಲ. ಹದಿನೈದು ವರ್ಷ ತನ್ನ ಬಳಿಯೇ ಇದ್ದ ಪುಸ್ತಕ! ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಈ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಮುಂದಿನ ಸಲ ಹೋದಾಗ ಇದೊಂದನ್ನು ಕೇಳಿ ಬನ್ನಿ: "ಸಾರ್, ನನಗೆ ಬಿ ಮತ್ತು ಸಿ ನೋಡಿದ್ದೀರಾ? ಏನು ಬಂತು?"

ಹಾಗಾದರೆ ಮಾತ್ರೆಯಿಂದ ಲಿವರ್ ಕೆಡುವುದೆಂಬುದು ಬರೀ ಸುಳ್ಳೇ ಎಂದು ಕೇಳುತ್ತೀರಿ. ಪೂರ್ತಿ ಸುಳ್ಳಲ್ಲ. ಆಕೆಯ ಭಯಕ್ಕೂ ಬೇರಿತ್ತು. ಮೊದಲ ವರ್ಷಗಳಲ್ಲಿ ಕೊಡುತ್ತಿದ್ದ ನೆವಿರಪಿನ್ ಎಂಬ ಔಷಧಿ ಕೆಲವರಿಗೆ ಮೈಮೇಲೆ ದದ್ದು ಎಬ್ಬಿಸಿ ಲಿವರಿಗೂ ಪೆಟ್ಟು ಕೊಡುತ್ತಿತ್ತು. ಅದರಲ್ಲೂ ಸಿಡಿ-4 ಎಣಿಕೆ 250ಕ್ಕಿಂತ ಹೆಚ್ಚಿದ್ದ ಹೆಂಗಸರಿಗೆ. ಸ್ಟಾವುಡಿನ್ ಎಂಬುದು ಕೆನ್ನೆ ಕುಗ್ಗಿಸಿ, ಲಿವರಿನಲ್ಲಿ ಕೊಬ್ಬು ತುಂಬಿಸುತ್ತಿತ್ತು. ಆ ಕಾಲದಲ್ಲಿ ಜೊತೆಗೆ ಸಾಲಿನಲ್ಲಿ ನಿಲ್ಲುತ್ತಿದ್ದ ಒಬ್ಬಳಿಗೆ ಕಾಮಾಲೆಯಾಗಿ ಮಾತ್ರೆ ಬದಲಿಸಿದ್ದನ್ನು ಆಕೆ ಕಣ್ಣಾರೆ ಕಂಡಿದ್ದಳು. ಆ ಮಾತ್ರೆಗಳ ಕಾಲ ಮುಗಿಯಿತು, ಹೆದರಿಕೆ ಮಾತ್ರ ಉಳಿಯಿತು. ಈಗಿನ ಮಾತ್ರೆ ಲಿವರಿಗೆ ಅದಕ್ಕಿಂತ ಎಷ್ಟೋ ಸೌಮ್ಯ. ಆದರೂ ಯಾವ ಔಷಧಿಯೂ ಎಲ್ಲರಿಗೂ ಒಗ್ಗುತ್ತದೆ ಎಂದು ಹೇಳಲಾಗದು. ಒಗ್ಗದಿದ್ದರೆ ಬದಲಿಸಲು ಬೇರೆ ಔಷಧಿಗಳಿವೆ. ಆ ತೀರ್ಮಾನ ರಕ್ತ ಪರೀಕ್ಷೆ ನೋಡಿದ ವೈದ್ಯರದು. ನಮ್ಮದೂ ಅಲ್ಲ, ಅತ್ತಿಗೆಯದೂ ಅಲ್ಲ.

ಕ್ಷಯದ ಮಾತ್ರೆಗಳ ಬಗ್ಗೆಯೂ ಹೇಳಬೇಕು. ಎಚ್.ಐ.ವಿ. ಇರುವವರಿಗೆ ಕ್ಷಯ ಬಂದಾಗಲೂ, ಬಾರದಿರಲೆಂದೂ ಆ ಮಾತ್ರೆಗಳನ್ನು ಕೊಡುತ್ತಾರೆ. ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಜಿನಮೈಡ್ ಇವು ಕೆಲವರ ಲಿವರನ್ನು ಕೆಣಕುತ್ತವೆ. ಮಾತ್ರೆ ಶುರುವಾದ ಮೇಲೆ ಊಟ ಸೇರದಿರುವುದು, ಒಂದೇ ಸಮನೆ ವಾಕರಿಕೆ, ಮೂತ್ರ ಚಹದ ಬಣ್ಣಕ್ಕೆ ತಿರುಗುವುದು, ಮೈಯೆಲ್ಲ ತುರಿಕೆ, ಬಲಪಕ್ಕೆಯ ಕೆಳಗೆ ನೋವು, ಇವುಗಳಲ್ಲಿ ಯಾವುದು ಕಂಡರೂ ಮುಂದಿನ ತಿಂಗಳ ತಾರೀಖಿಗೆ ಕಾಯದೆ ಅಂದೇ ಹೋಗಬೇಕು. ಕಣ್ಣು ಹಳದಿಯಾಗಲಿ ನೋಡೋಣ ಎಂದು ಕುಳಿತರೆ ತಡವಾಯಿತೆಂದೇ ತಿಳಿಯಿರಿ.

ಹೆಪಟೈಟಿಸ್ ಸಿ ವಿಷಯದಲ್ಲಿ ಸಂತೋಷದ ಸುದ್ದಿಯಿದೆ. ನಮ್ಮ ಕಡೆಗಿಂತ ಮಣಿಪುರದಂಥ ರಾಜ್ಯಗಳಲ್ಲಿ, ಮಾದಕ ದ್ರವ್ಯದ ಸೂಜಿ ಹಂಚಿಕೊಂಡವರಲ್ಲಿ ಅದು ಹೆಚ್ಚು. ಹಿಂದೆ ಅದಕ್ಕೆ ತಿಂಗಳುಗಟ್ಟಲೆ ಚುಚ್ಚುಮದ್ದು, ಲಕ್ಷಗಟ್ಟಲೆ ಖರ್ಚು. ಈಗ ಸಾಮಾನ್ಯವಾಗಿ ಹನ್ನೆರಡು ವಾರ ಮಾತ್ರೆ ನುಂಗಿದರೆ ಬಹುತೇಕ ಎಲ್ಲರಿಗೂ ವಾಸಿ, ಎಚ್.ಐ.ವಿ. ಇದ್ದವರಿಗೂ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಬಿ ಮತ್ತು ಸಿ ಎರಡಕ್ಕೂ ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ, ಚಿಕಿತ್ಸೆ ಉಚಿತ.

ಕುಡಿತದ ಮಾತು ಹೆಚ್ಚು ಬೇಡ. ಈ ವೈರಸ್ಸುಗಳಿದ್ದವರು ಕುಡಿದರೆ ಲಿವರ್ ಕಲ್ಲಾಗುವುದು ಬೇಗ. ಮನೆಯ ಗಂಡಸಿಗೆ ಹೇಳಿ ಹೇಳಿ ನಮ್ಮ ಬಾಯಿಯೇ ಸೋತಿದೆ. ಅದನ್ನು ಎ.ಆರ್.ಟಿ. ಕೇಂದ್ರದ ಆಪ್ತ ಸಲಹೆಗಾರರ ಕೈಲಿ ಹೇಳಿಸಿ.

ಅಡಿಗೆಮನೆಯ ವಿಷಯವನ್ನು ಮಾತ್ರ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಅದು ನಮ್ಮ ರಾಜ್ಯವಲ್ಲವೇ! ಮೊದಲು ನೆಲನೆಲ್ಲಿ. ಕಾಮಾಲೆಗೆ ನಮ್ಮ ಅಜ್ಜಿಯರ ಕಾಲದಿಂದ ಬಂದದ್ದು. ಇದನ್ನು ವಿಜ್ಞಾನಿಗಳು ಅಸಡ್ಡೆ ಮಾಡಿದರೆಂದು ತಿಳಿಯಬೇಡಿ. ಮದರಾಸಿನ ಸಂಶೋಧಕರು, ಹೆಪಟೈಟಿಸ್ ಬಿ ವೈರಸ್ಸಿನ ಗುರುತು ಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲೂಂಬರ್ಗ್ ಅವರ ಜೊತೆಗೂಡಿ, ನೆಲನೆಲ್ಲಿಯ ಪುಡಿಯನ್ನು ರೋಗಿಗಳಿಗೆ ಕೊಟ್ಟು ನೋಡಿ 1988ರಲ್ಲಿ ಪ್ರಕಟಿಸಿದರು. ಪುಡಿ ತಿಂದವರಲ್ಲಿ ನೂರಕ್ಕೆ 59 ಮಂದಿಯ ರಕ್ತದಿಂದ ಬಿ ಗುರುತು ಮಾಯವಾಗಿತ್ತು. ದೊಡ್ಡ ಆಸೆ ಹುಟ್ಟಿತು. ಆದರೆ ಬೇರೆ ಕಡೆಗಳಲ್ಲಿ ಮತ್ತೆ ಮಾಡಿದಾಗ ಆ ಫಲ ಸಿಗಲಿಲ್ಲ. ಆದ್ದರಿಂದ ಮಾತ್ರೆಯ ಜಾಗಕ್ಕೆ ಅದು ಬರಲಾರದು. ಇನ್ನು ಗುಟ್ಟಿನ ಸೊಪ್ಪು, ಗುಟ್ಟಿನ ಭಸ್ಮ ಕೊಡುವವರ ವಿಷಯ ಬೇರೆ. ಅದರಲ್ಲಿ ಏನಿದೆಯೆಂದು ಕೊಡುವವರೇ ಹೇಳದಿದ್ದಾಗ, ಸೋತ ಲಿವರಿನ ಮೇಲೆ ಅದನ್ನು ಹೇರುವುದು ಜೂಜು.

ಪಥ್ಯದ ಹೆಸರಿನಲ್ಲಿ ಉಪವಾಸ ಹಾಕುವುದೂ ಹಾಗೆಯೇ. ಲಿವರ್ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳಬೇಕಾದರೆ ಅದಕ್ಕೆ ಸಾಮಗ್ರಿ ಬೇಕು. ಬೇಳೆಯ ತೊವ್ವೆ, ಹೆಸರುಕಾಳು, ಮೊಸರು, ತಿನ್ನುವವರಾದರೆ ಬೇಯಿಸಿದ ಮೊಟ್ಟೆ, ರಾಗಿ ಮುದ್ದೆ ಅಥವಾ ಮೆತ್ತಗಿನ ಅನ್ನ. ವಾಕರಿಕೆ ಇದ್ದರೆ ಒಂದೇ ಸಲ ಬಡಿಸದೆ ಐದಾರು ಸಲ ಸ್ವಲ್ಪ ಸ್ವಲ್ಪ ಕೊಡಿ. ಒಗ್ಗರಣೆಗೆ ಒಂದು ಚಮಚ ಎಣ್ಣೆ ಹಾಕಿದರೆ ಯಾವ ಕಾಮಾಲೆಯೂ ಹೆಚ್ಚುವುದಿಲ್ಲ. ಅರಿಶಿನ ಹಾಕಿದರೆ ಕಣ್ಣು ಇನ್ನಷ್ಟು ಹಳದಿಯಾಗುವುದೆಂಬುದಂತೂ ನಗುವ ಮಾತು. ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಮಾತ್ರ ಉಪ್ಪು ಕಡಿಮೆ ಮಾಡಲು ವೈದ್ಯರು ಹೇಳುತ್ತಾರೆ.

ಕಡಲೆಕಾಯಿ ಬೀಜ ತಂದಾಗ ಮೊರಕ್ಕೆ ಸುರಿದು ಆರಿಸುವ ಪದ್ಧತಿ ನಮ್ಮ ತಾಯಂದಿರಿಗಿತ್ತು. ಬೂಷ್ಟು ಹಿಡಿದದ್ದು, ಕಪ್ಪಾದದ್ದು, ಸುಕ್ಕುಗಟ್ಟಿದ್ದು ಹೊರಗೆ. ಅದರ ಕಾರಣ ನನಗೆ ಈಗ ಅರ್ಥವಾಯಿತು. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿರುತ್ತದೆ. ಹೆಪಟೈಟಿಸ್ ಬಿ ಇದ್ದವರಲ್ಲಿ ಅದು ಲಿವರಿನ ಕ್ಯಾನ್ಸರಿನ ಅಪಾಯವನ್ನು ಅನೇಕ ಪಟ್ಟು ಹೆಚ್ಚಿಸುತ್ತದೆ. ಹುರಿದರೂ ಪೂರ್ತಿ ಹೋಗುವುದಿಲ್ಲ. ಬೂಷ್ಟು ಹಿಡಿದ ಕೊಬ್ಬರಿ, ಮುಸುಕಿನ ಜೋಳಕ್ಕೂ ಇದೇ ಮಾತು. ದಂಡವಾಯಿತಲ್ಲ ಎಂದು ಹಸುವಿಗೆ ಹಾಕಿದರೆ ಹಾಲಿನಲ್ಲಿ ವಾಪಸು ಬರುತ್ತದೆ!

ಕಾಫಿ ಪ್ರಿಯರಿಗೊಂದು ಸಮಾಧಾನ. ಫ್ರಾನ್ಸಿನಲ್ಲಿ ಎಚ್.ಐ.ವಿ. ಮತ್ತು ಸಿ ಎರಡೂ ಇದ್ದ 1,028 ಮಂದಿಯನ್ನು ಐದು ವರ್ಷ ಗಮನಿಸಿ 2017ರಲ್ಲಿ ಬರೆದಿದ್ದಾರೆ: ದಿನಕ್ಕೆ ಮೂರು ಲೋಟ ಅಥವಾ ಹೆಚ್ಚು ಕಾಫಿ ಕುಡಿದವರಲ್ಲಿ ಸಾವಿನ ಅಪಾಯ ಅರ್ಧದಷ್ಟು ಕಡಿಮೆಯಿತ್ತು. ಕಾಫಿಯೇ ಕಾಯಿತೆಂದು ಇದರಿಂದ ಸಾಬೀತಾಗದು. ಆದರೆ ಕಾಫಿ ಕುಡಿದರೆ ಪಿತ್ತ, ಲಿವರಿಗೆ ಕೆಟ್ಟದ್ದು ಎಂದು ಲೋಟ ಕಿತ್ತುಕೊಳ್ಳುವವರ ಬಾಯಿ ಮುಚ್ಚಿಸಲು ಇಷ್ಟು ಸಾಕು. ಸಕ್ಕರೆಯನ್ನು ಮಾತ್ರ ಮೂರು ಚಮಚ ಸುರಿಯಬೇಡಿ. ಈಗಿನ ಮಾತ್ರೆಯಲ್ಲಿ ಕೆಲವರಿಗೆ ಮೈ ಬರುತ್ತದೆ. ಮೈ ಬಂದರೆ ಲಿವರಿಗೂ ಕೊಬ್ಬು.

ಹಾಗೆಯೇ ಗ್ಯಾಸ್ಟ್ರಿಕ್ ಎಂದು ಕುಡಿಯುವ ಬಿಳಿ ಔಷಧಿಯನ್ನು ಎ.ಆರ್.ಟಿ. ಮಾತ್ರೆಯ ಜೊತೆಯಲ್ಲೇ ತೆಗೆದುಕೊಂಡರೆ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಮಾತ್ರೆಯನ್ನು ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ನುಂಗಬೇಕು. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗಳಿಗೂ ಅಷ್ಟೇ ಅಂತರ, ಇಲ್ಲವೇ ಎಲ್ಲವನ್ನೂ ಊಟದ ಜೊತೆಗೆ.

ಮತ್ತೆ ನಮ್ಮಾಕೆಯ ಮನೆಗೆ ಬರೋಣ. ಮಾರನೆಯ ದಿನ ಬೆಳಗಿನ ಬಸ್ಸಿಗೆ ಇಬ್ಬರೂ ಜಿಲ್ಲಾ ಆಸ್ಪತ್ರೆಗೆ ಹೋದೆವು. ಅತ್ತಿಗೆಗೆ ಹೊಲಿಗೆ ದಾರ ತರಲು ಎಂದು ಸುಳ್ಳು ಹೇಳಿದ್ದಾಯಿತು. ಎ.ಆರ್.ಟಿ. ಡಾಕ್ಟರು ಕಣ್ಣು ನೋಡಿ ಕೇಳಿದ ಮೊದಲ ಪ್ರಶ್ನೆಯೇ "ಮಾತ್ರೆ ಯಾವಾಗ ಬಿಟ್ಟಿರಿ ಅಮ್ಮಾ?" ಬೈಯಲಿಲ್ಲ. ಅಂದೇ ದಾಖಲು ಮಾಡಿಕೊಂಡರು. ಹದಿಮೂರು ದಿನ ಇದ್ದಳು. ಮೊದಲ ನಾಲ್ಕು ದಿನ ಏನೂ ಹೇಳುವ ಹಾಗಿಲ್ಲ ಎಂದರು. ಮಾತ್ರೆ ಮತ್ತೆ ಶುರುವಾಯಿತು. ಕಣ್ಣು ತಿಳಿಯಾಗಲು ಎರಡು ತಿಂಗಳು ಹಿಡಿಯಿತು. ಲಿವರಿನಲ್ಲಿ ಗಾಯದ ಗಟ್ಟಿ ಗುರುತು ಉಳಿದಿದೆಯಂತೆ. ಇನ್ನು ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಆಗಬೇಕು.

ಆ ಕ್ಲಿನಿಕ್ಕಿನ ಡಾಕ್ಟರಿಗೆ ಅಂದೇ ನಿಜ ಹೇಳಿದ್ದರೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಹೇಳಲು ಆಕೆಗೆ ಹಕ್ಕಿತ್ತು, ಗುಟ್ಟು ಕಾಯಲು ಅವರಿಗೆ ಕಾನೂನಿನ ಕಟ್ಟಿತ್ತು. 2017ರಲ್ಲಿ ಆಗಿ 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಎಚ್.ಐ.ವಿ. ಕಾಯಿದೆಯಂತೆ ರೋಗಿಯ ಒಪ್ಪಿಗೆಯಿಲ್ಲದೆ ಅದನ್ನು ಬೇರೆಯವರಿಗೆ ಹೇಳುವಂತಿಲ್ಲ. ಈ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತೆಯೂ ಇಲ್ಲ. ಜೊತೆಗೆ ಬಂದವರನ್ನು ಹೊರಗೆ ಕಳುಹಿಸಿ ಎಂದು ನಾವೇ ಕೇಳಬಹುದು. ಬಾಯಲ್ಲಿ ಹೇಳಲಾಗದಿದ್ದರೆ ಹಸಿರು ಪುಸ್ತಕವನ್ನೇ ಮೇಜಿನ ಮೇಲಿಡಿ. ಯಾರನ್ನು ಕೇಳುವುದೆಂದು ತೋಚದವರಿಗೆ 1097 ಎಂಬ ಉಚಿತ ದೂರವಾಣಿಯಿದೆ. ಅಲ್ಲಿ ಹೆಸರು ಹೇಳಬೇಕಾಗಿಲ್ಲ.

ಬಿ ಇದೆ ಎಂದು ಗೊತ್ತಾದ ಮೇಲೆ ಮಗಳ ರಕ್ತವನ್ನೂ ನೋಡಬೇಕು ಎಂದರು. ಮಗಳಿಗೆ ಇರಲಿಲ್ಲ, ಲಸಿಕೆ ಶುರು ಮಾಡಿದರು. ಕೂಸಿಗೆ ಹುಟ್ಟಿದ ದಿನವೇ ಆಸ್ಪತ್ರೆಯಲ್ಲಿ ತೊಡೆಗೆ ಒಂದು ಸೂಜಿ ಹಾಕಿದ್ದರಲ್ಲ, ಅದೇ ಬಿ ಲಸಿಕೆ. 2011ರಿಂದ ಇಡೀ ದೇಶದ ಮಕ್ಕಳಿಗೆ ಉಚಿತ. ಹುಟ್ಟಿದ ಇಪ್ಪತ್ತನಾಲ್ಕು ಗಂಟೆಯೊಳಗೆ ಒಂದು, ಆಮೇಲೆ ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ. ಮಗು ಅಳುತ್ತದೆಂದು ಬಾಣಂತಿಯ ಮನೆಯವರು ತಪ್ಪಿಸುವುದುಂಟು, ತಪ್ಪಿಸಬೇಡಿ. ಎಚ್.ಐ.ವಿ. ಇದ್ದು ಬಿ ಇಲ್ಲದ ದೊಡ್ಡವರೂ ಈ ಲಸಿಕೆ ಹಾಕಿಸಿಕೊಳ್ಳಬೇಕು. ಅವರಿಗೆ ಪ್ರಮಾಣ ಹೆಚ್ಚು ಬೇಕಾಗಬಹುದು, ಕೇಂದ್ರದಲ್ಲಿ ಕೇಳಿ.

ಮಗಳ ರಕ್ತ ಪರೀಕ್ಷೆಗೆ ಕಾರಣ ಹೇಳಲೇಬೇಕಾಯಿತಲ್ಲ. ಆಸ್ಪತ್ರೆಯ ಮಂಚದ ಮೇಲೆ ಕುಳಿತು, ಮುಖ ಗೋಡೆಯ ಕಡೆ ತಿರುಗಿಸಿಕೊಂಡು ಆಕೆ ಎಲ್ಲವನ್ನೂ ಹೇಳಿದಳು. ಮಗಳು ಕೂಸಿನ ಕುಲಾವಿ ಸರಿಮಾಡುತ್ತಾ ಕೇಳಿಸಿಕೊಂಡಳು. ಆಮೇಲೆ ಅಂದಳು: "ಗೊತ್ತಮ್ಮ. ದೀಪಾವಳಿಗೆ ಸಾಸಿವೆ ಡಬ್ಬಿ ತೊಳೆಯೋವಾಗೆಲ್ಲ ಆ ಡಬ್ಬೀನೂ ಒರೆಸಿ ವಾಪಸ್ ಇಟ್ಟೋಳು ನಾನೇ ಅಲ್ವಾ. ನೀನೇ ಹೇಳ್ತೀಯ ಅಂತ ಸುಮ್ನಿದ್ದೆ."

ಈಗ ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡುತ್ತಿದ್ದಾರೆ. ತರಲು ಮಗಳೂ ಜೊತೆಗೆ ಹೋಗುತ್ತಾಳೆ. ನನ್ನ ರವಿಕೆ ದಸರೆಗೆ ಸಿಕ್ಕಿತು, ತೋಳು ಸ್ವಲ್ಪ ಬಿಗಿ.